ಚಿದೊರಿ ದೋಣಿಯಲ್ಲಿಟ್ಟ ನನ್ನ ಕೂದಲು

ಶಿಗೆಹಾರು ಎಂಬ ಹೆಸರನ್ನು ನಾನು ಮೊದಲ ಸಲ ಕೇಳಿದ ದಿನ ನಮ್ಮಮ್ಮನ ಕೈಯಲ್ಲಿ ಕತ್ತರಿ ಇತ್ತು.

ನನಗೆ ಆಗ ಹದಿನೆಂಟು. ಬೇಯಿಸಿದ ಸಣ್ಣ ಮೀನನ್ನು ಅಂಗಳದ ಚಾಪೆಗಳ ಮೇಲೆ ಹರವಿ, ಹದ್ದು ಎರಗದ ಹಾಗೆ ಕೋಲು ಹಿಡಿದು ಕೂತಿದ್ದೆ. ದೋಣಿ ಕಟ್ಟುವ ಹ್ಯೋಜಿ ಬಡಗಿ ನಮ್ಮ ಜಗಲಿಯಲ್ಲಿ ಬಾರ್ಲಿ ಚಹಾ ಕುಡಿಯುತ್ತಿದ್ದ. ಅವನು ಬಂದನೆಂದರೆ ಯಾರದೋ ದೋಣಿ ಮುಗಿಯಲಿಕ್ಕೆ ಬಂತೆಂದು ಅರ್ಥ.

"ತೊಮಿ, ಬಾ ಇಲ್ಲಿ. ತಲೆ ಬಗ್ಗಿಸು," ಅಂದಳು ಅಮ್ಮ.

"ಎಂತಕ್ಕೆ?"

"ಆಚೆ ಕೊಲ್ಲಿಯ ಶಿಗೆಹಾರು ಅಂತ ಒಬ್ಬ ದೋಣಿ ಕಟ್ಟಿಸ್ತಾ ಇದ್ದಾನಂತೆ. ದೋಣಿದೇವಿಗೆ ಕೂದಲು ಬೇಕಂತೆ."

"ಅವನ ಮನೆಯವರದ್ದು ಕೊಡ್ಲಿ."

"ಅವನಿಗೆ ತಾಯಿಯೂ ಇಲ್ಲ, ಹೆಂಡತಿಯೂ ಇಲ್ಲ," ಅಂದ ಬಡಗಿ. "ಅಪ್ಪ ಅಮ್ಮ ಇಬ್ರೂ ಗಟ್ಟಿಯಾಗಿರುವ ಹುಡುಗಿಯದ್ದೇ ಆಗ್ಬೇಕು. ಈ ದ್ವೀಪದಲ್ಲಿ ಅಂಥವರು ಮೂರೇ ಜನ. ಒಬ್ಳ ತಲೆ ತುಂಬ ಹೇನು. ಇನ್ನೊಬ್ಳು ಪಟ್ಟಣಕ್ಕೆ ಹೋಗಿ ಕುರಿಯ ಹಾಗೆ ಸುರುಳಿ ಮಾಡಿಸ್ಕೊಂಡು ಬಂದಿದ್ದಾಳೆ. ಉಳಿದವಳು ನೀನು."

"ನೋಡ್ಲಿಕ್ಕೆ ಹೇಗುಂಟು?"

"ದೋಣಿಯಾ?"

"ಅಲ್ಲ, ಅವನು."

ಬಡಗಿ ಚಹಾದ ಲೋಟವನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿದ. "ದೋಣಿ ಚೆನ್ನಾಗುಂಟು," ಅಂದ.

ಅಮ್ಮ ಕುತ್ತಿಗೆಯ ಹಿಂದಿನಿಂದ ಒಂದು ಬೆರಳು ದಪ್ಪದ ಕೂದಲು ಕತ್ತರಿಸಿದಳು. ಅದನ್ನು ಬಿಳಿ ಕಾಗದದಲ್ಲಿ ಸುತ್ತಿ, ಎರಡು ದಾಳದ ಜೊತೆ, ಐದು ಬಗೆಯ ಕಾಳಿನ ಜೊತೆ ಹಾಯಿ ಕಟ್ಟುವ ಕೂವೆಕಂಬದ ಬುಡದಲ್ಲಿ ಕೊರೆದ ಅಂಗೈಯಷ್ಟು ಗೂಡಿನಲ್ಲಿಟ್ಟು, ಗುರುತೇ ಸಿಗದ ಹಾಗೆ ಮರದ ಮುಚ್ಚಳ ಬಡಿಯುತ್ತಾರೆ. ಅಲ್ಲಿಯವರೆಗೆ ಅದು ಬರೀ ಹಲಗೆ. ಆಮೇಲೆ ದೋಣಿ.

ಸಂಜೆ ಶಿಗೆಹಾರು ಅವರೇ ಬಂದರು. ಹುಲ್ಲಿನ ಹಗ್ಗದಲ್ಲಿ ತಾಯ್ ಎಂಬ ಒಂದು ಕೆಂಪು ಮೀನು ಜೋತಾಡುತ್ತಿತ್ತು. ಹೊಸ್ತಿಲು ದಾಟಲಿಲ್ಲ. ಚಹಾದ ಹೂಜಿಯ ಹಿಡಿಕೆಗಳ ಹಾಗೆ ಎರಡೂ ಕಿವಿ ಹೊರಗೆ ಚಾಚಿದ್ದವು. ನನಗೆ ನಗು ಬಂತು. ಅಪ್ಪನ ಹತ್ತಿರ ಗಾಳಿಯ ವಿಷಯ ನಾಲ್ಕು ಮಾತಾಡಿ, ಮೀನು ಕೊಟ್ಟು, ಹೊರಡುವಾಗ ನನ್ನ ಕಡೆ ತಿರುಗಿದರು.

"ಒದ್ದೆಯಾಗ್ಲಿಕ್ಕೆ ಬಿಡುದಿಲ್ಲ."

"ಎಂತದ್ದು?"

"ಕೂದಲು."

ಅಷ್ಟೇ ಹೇಳಿ ಹೋದರು. ದೋಣಿಗೆ ಚಿದೊರಿ ಎಂದು ಹೆಸರಿಟ್ಟರು. ದಡದಲ್ಲಿ ತುರುತುರು ಓಡುವ ಸಣ್ಣ ಹಕ್ಕಿಯ ಹೆಸರು ಅದು. ಆ ದೋಣಿಯೋ ಅಗಲ ಸೊಂಟದ ನಿಧಾನದ ದೋಣಿ.

ಎರಡು ವರ್ಷ ಕಳೆದು ನನಗೆ ಮದುವೆಯಾಯಿತು. ಗಂಡನಿಗೆ ಗುಡ್ಡದ ಮೇಲೆ ಕಿತ್ತಳೆ ತೋಟವಿತ್ತು. ಕೂದಲಿನ ಸಂಗತಿ ದ್ವೀಪಕ್ಕೆಲ್ಲ ಗೊತ್ತಿದ್ದದ್ದೇ, ಅವನಿಗೂ ಗೊತ್ತಿತ್ತು. ಬಿರುಗಾಳಿ ಎದ್ದರೆ ಸಾಕು, ಚಾಪೆಯ ಮೇಲೆ ಮಲಗಿದಲ್ಲಿಂದಲೇ, "ಹೋಗಿ ನೋಡು ಮಾರಾಯ್ತಿ, ನಿನ್ನ ಕೂದಲು ಎಲ್ಲಿಗೆ ಮುಟ್ಟಿತು ಅಂತ," ಅನ್ನುತ್ತಿದ್ದ. ನಾನು ಸಿಟ್ಟು ಮಾಡಿದರೆ, "ನನ್ನ ಹೆಂಡತಿಯಲ್ಲಿ ಒಂದು ಪಾಲು ಆ ಕಿವಿಯವನ ಹತ್ತಿರ ಉಂಟು. ಕೇಳುವ ಹಕ್ಕಿಲ್ವಾ ನನಗೆ?" ಎಂದು ನಗುತ್ತಿದ್ದ. ಒಳ್ಳೆಯ ಗಂಡ. ಶಿಗೆಹಾರು ಅವರಿಗೂ ಮದುವೆಯಾಯಿತು. ಹುಡುಗಿ ಬೆಟ್ಟದ ಕಡೆಯವಳು. ದೋಣಿ ಹತ್ತಿದರೆ ವಾಂತಿ. ನಾಮಿಯೆ ಎಂಬ ಒಬ್ಬಳು ಮಗಳನ್ನು ಹೆತ್ತು, ಅವಳು ಶಾಲೆ ಮುಗಿಸುವಷ್ಟರಲ್ಲಿ ತೀರಿಕೊಂಡಳು.

ಚಿದೊರಿ ಮೊದಲು ಕಲ್ಲು ಹೊತ್ತಿತು, ಆಮೇಲೆ ನಮ್ಮ ಕಿತ್ತಳೆ. ದ್ವೀಪದಿಂದ ದ್ವೀಪಕ್ಕೆ ಸೇತುವೆ ಬಂದ ಮೇಲೆ ಹೊರಲಿಕ್ಕೆ ಏನೂ ಉಳಿಯಲಿಲ್ಲ. ಎಲ್ಲರೂ ದೋಣಿ ಒಡೆಸಿದರು. ಶಿಗೆಹಾರು ಮಾತ್ರ ಕಲ್ಲು ತುಂಬುತ್ತಿದ್ದ ದೋಣಿಯ ಹೊಟ್ಟೆಯಲ್ಲಿ ಆರು ಮಂಚ ಕೂರಿಸಿ, ಪಟ್ಟಣದ ಜನರನ್ನು ನಾಲ್ಕು ದಿನ ದ್ವೀಪಗಳ ನಡುವೆ ತಿರುಗಿಸಿ ತರುತ್ತೇನೆ ಎಂದರು. ಜೆಟ್ಟಿಯಲ್ಲಿ ಕೂತವರಿಗೆ ಒಂದು ತಿಂಗಳು ಅದೇ ನಗೆ. ದೋಣಿ ನಡೆಸುವವನಿಗೆ ನಮ್ಮಲ್ಲಿ ತಂಡೇಲ ಅನ್ನುತ್ತಾರೆ.

"ಮೇಲೆ ಸೇತುವೆ ಇರುವಾಗ ಅಡಿಯಲ್ಲಿ ಯಾರು ಹೋಗ್ತಾರೆ ತಂಡೇಲ್ರೇ?"

"ಮೇಲಿಂದ ಸಮುದ್ರ ಕಾಣ್ತದೆ," ಅಂದರು. "ವಾಸನೆ ಬರುದಿಲ್ಲ."

ಜನ ಬಂದರು. ಮುಂದಿನ ವರ್ಷ ಅವರೇ ಇನ್ನೊಬ್ಬರನ್ನು ಕರೆದುಕೊಂಡು ಬಂದರು.

ನನ್ನ ಗಂಡ ಹೋದಾಗ ನನಗೆ ಐವತ್ತೆಂಟು. ನಲವತ್ತೊಂಬತ್ತನೆಯ ದಿನದ ಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಶಿಗೆಹಾರು ಬಂದು ಹೊಸ್ತಿಲಾಚೆ ನಿಂತರು. ಹೊಸ್ತಿಲು ದಾಟುವ ಅಭ್ಯಾಸವೇ ಅವರಿಗಿರಲಿಲ್ಲ.

"ನನ್ನ ಅಡುಗೆಯವನು ಹೋಟೆಲ್ ಇಡ್ತಾನಂತೆ. ನೀನು ಬರ್ತೀಯಾ?"

"ಒಂಟಿ ಹೆಂಗಸು ದೋಣಿ ಹತ್ತಿದ್ರೆ ದೇವಿಗೆ ಹೊಟ್ಟೆಕಿಚ್ಚು ಅಂತಾರೆ."

"ಒಳಗಿರುವುದು ನಿನ್ನದೇ ಕೂದಲು. ನಿನ್ನ ಮೇಲೆ ನಿನಗೇ ಹೊಟ್ಟೆಕಿಚ್ಚಾ?"

"ಇದ್ರೂ ಇದ್ದೀತು. ನಾನು ಒಳ್ಳೆಯವಳಲ್ಲ."

"ಉಪ್ಪು ಹದ ಗೊತ್ತಲ್ಲ, ಸಾಕು," ಅಂದರು.

ಹೀಗೆ ಹತ್ತಿದವಳು ಹದಿನಾಲ್ಕು ವರ್ಷ ಇಳಿಯಲಿಲ್ಲ. ನಾಮಿಯೆ ಆಗಲೇ ಇಂಜಿನ್ ನೋಡಿಕೊಳ್ಳುತ್ತಿದ್ದಳು. ಇಂಜಿನ್ ಹಳೆಯದು. ಚುಕ್ಕಾಣಿ ಕೋಣೆಯಿಂದ ಗಂಟೆ ಬಾರಿಸಿದರೆ ಕೆಳಗಿದ್ದವರು ಅದನ್ನು ಜೋರು ಮಾಡಬೇಕು, ನಿಲ್ಲಿಸಬೇಕು. ದೋಣಿಯ ಕೆಲಸಕ್ಕೆ ನಾವು ಮೂವರೇ. ಇಬ್ಬರು ಹೆಂಗಸರಾದ್ದರಿಂದ ದೇವಿಯ ತಕರಾರೂ ಮುಗಿಯಿತು.

ಶಿಗೆಹಾರು ಬರಿಗಾಲಲ್ಲಿ ನಿಂತು, ಕಿವಿಯಿಂದ ದೋಣಿ ನಡೆಸುತ್ತಿದ್ದರು. ಮಂಜಿರಲಿ, ಮಳೆಯಿರಲಿ, ದ್ವೀಪಗಳ ನಡುವಿನ ಇಕ್ಕಟ್ಟಿನ ನೀರುದಾರಿಗೆ ನುಗ್ಗುವ ಮೊದಲು ಗಂಟೆ ಬಾರಿಸಿ ಇಂಜಿನ್ ನಿಲ್ಲಿಸಿ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ಶಬ್ದ ಹೋಗಿ ಬಂಡೆಗೆ ಬಡಿದು ತಿರುಗಿ ಬರುವಷ್ಟು ಹೊತ್ತು ಕಾದರೆ, ದಡ ಎಷ್ಟು ದೂರ, ಬಂಡೆಯೋ ಮರಳೋ, ನಡುವೆ ಬೇರೆ ದೋಣಿ ನಿಂತಿದೆಯೋ, ಎಲ್ಲ ಅವರಿಗೆ ತಿಳಿಯುತ್ತಿತ್ತು. ನಮ್ಮ ದೇವಸ್ಥಾನದ ಮುಂದೆ ಕೈಮುಗಿಯುವಾಗಲೂ ಎರಡೇ ಚಪ್ಪಾಳೆಯಲ್ಲವೇ, ಅತಿಥಿಗಳು ಇದು ಸಮುದ್ರಕ್ಕೆ ಪೂಜೆ ಎಂದುಕೊಂಡು ಹಿಂದೆ ಸಾಲಾಗಿ ನಿಂತು ಅವರೂ ತಟ್ಟಿ ತಲೆಬಾಗುವರು. ಇವರು ಬಾಯಿಬಿಟ್ಟು ಅಲ್ಲ ಎನ್ನುತ್ತಿರಲಿಲ್ಲ. ಎಲ್ಲರ ಚಪ್ಪಾಳೆ ಅಡಗಿದ ಮೇಲೆ ಇನ್ನೊಮ್ಮೆ ತಾವು ತಟ್ಟುವರು.

ಗಾಳಿಯಿಲ್ಲದ ಬೆಳಿಗ್ಗೆ ಕೂವೆಕಂಬದ ಬುಡದಿಂದ ಚಿರ್ ಚಿರ್ ಎಂದು ಹುಳುವಿನಂಥ ದನಿ ಬರುತ್ತದೆ, ಅದು ದೇವಿ ಹಾಡುವುದು, ಆ ದಿನ ಭಯವಿಲ್ಲ ಎನ್ನುತ್ತಿದ್ದರು. ನನಗೆ ಒಂದು ದಿನವೂ ಕೇಳಿಸಲಿಲ್ಲ. "ನಿನ್ನ ಕೂದಲು ಹಾಡಿದ್ದು ನಿನಗೇ ಕೇಳುದಿಲ್ವಲ್ಲ," ಎಂದು ಮಿಸೊ ಸಾರು ಕುಡಿಯುತ್ತ ಕೆಣಕುವರು. "ನನ್ನ ಒಲೆ ಅದಕ್ಕಿಂತ ಜೋರಾಗಿ ಹಾಡ್ತದೆ," ಅನ್ನುತ್ತಿದ್ದೆ.

ಅವರ ಕಿವಿ ಹೋದದ್ದು ನನಗೆ ಗೊತ್ತಾದದ್ದು ಚಪ್ಪಾಳೆಯಿಂದಲೇ. ಒಂದು ಬೆಳಿಗ್ಗೆ ತಟ್ಟಿದವರು, ಶಬ್ದ ತಿರುಗಿ ಬರುವ ಮೊದಲೇ ಗಂಟೆ ಬಾರಿಸಿಬಿಟ್ಟರು. ಆಮೇಲೆ ನೋಡುತ್ತಾ ಬಂದೆ. ಕೆಟಲ್ ಕೂಗಿದರೆ ತಿರುಗುವುದಿಲ್ಲ. ಅತಿಥಿ ಮಾತಾಡಿದರೆ ತುಟಿ ನೋಡುತ್ತಾರೆ. "ಕಿವಿ ಹೋದ ತಂಡೇಲ ದಡದಲ್ಲಿ ಬಲೆ ಹೆಣೀಬೇಕು," ಎಂದು ಬೇರೆಯವರನ್ನು ಆಡಿಕೊಂಡಿದ್ದ ಮನುಷ್ಯ ಈಗ ಹೇಗೆ ಹೇಳಿಯಾರು? ನಾನೂ ಕೇಳಲಿಲ್ಲ. ನನ್ನ ಅಡುಗೆ ಮೂಲೆಯಿಂದ ಅವರ ಕಾಲಿನಡಿಗೆ ಒಂದು ತೊಲೆ ಹೋಗುತ್ತದೆ. ಒಂದು ದಿನ ಎಡಗಡೆಯಿಂದ ಬೇರೆ ದೋಣಿಯ ಸದ್ದು ಬಂದಾಗ ಸೌಟಿನ ಹಿಡಿಯಿಂದ ತೊಲೆಗೆ ಒಂದು ಪೆಟ್ಟು ಹಾಕಿದೆ. ಅದು ಅವರ ಅಂಗಾಲಿಗೆ ಮುಟ್ಟಿತು. ಎಡಕ್ಕೆ ನೋಡಿದರು. ಮರುದಿನ ಬಲಕ್ಕೆ ಎರಡು, ಎದುರಿಗೆ ಮೂರು. ಯಾವತ್ತೂ ಈ ಬಗ್ಗೆ ನಾವು ಮಾತಾಡಲಿಲ್ಲ. ಹೀಗೆ ಮೂರು ವರ್ಷ ಹೋಯಿತು. ಕೆಳಗೆ ಇಂಜಿನ್ ಹತ್ತಿರ ಇದ್ದ ನಾಮಿಯೆಗೆ ನನ್ನ ಸೌಟೂ ಕೇಳಿಸುತ್ತಿರಲಿಲ್ಲ, ಅಪ್ಪನ ಕಿವುಡೂ ಗೊತ್ತಿರಲಿಲ್ಲ.

ಅವಳಿಗೆ ನಲವತ್ತೊಂದು ಆಗಿತ್ತು. ತಂಡೇಲಳ ಪರೀಕ್ಷೆ ಪಾಸಾಗಿ ಆರು ವರ್ಷ. ಮಂಜಿನಲ್ಲಿ ದಾರಿ ತೋರಿಸುವ ರಾಡಾರ್ ಪರದೆಯನ್ನು ಅವಳೇ ತಂದು ಕೂರಿಸಿದ್ದಳು. ಅವಳ ಅಪ್ಪ ಅದರ ಮೇಲೆ ತಮ್ಮ ಟವೆಲ್ ಒಣಗಿಸುತ್ತಿದ್ದರು. ಚುಕ್ಕಾಣಿ ಕೊಡಿ ಎಂದಾಗಲೆಲ್ಲ ಒಂದೇ ಉತ್ತರ, "ಇನ್ನೊಂದು ವರ್ಷ."

ಆ ಜೂನ್ ತಿಂಗಳ ನಾಲ್ಕು ದಿನದ ಯಾನದ ಕೊನೆಯ ಬೆಳಿಗ್ಗೆ ಎದ್ದು ನೋಡಿದರೆ ಮೂಗಿನ ಮುಂದಿನ ಕೈ ಕಾಣದಷ್ಟು ಮಂಜು. ಒಂದು ಸಣ್ಣ ದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿದ್ದೆವು. ನಕಾನೊಸೆ ಎಂಬ ಇಕ್ಕಟ್ಟಿನ ನೀರುದಾರಿ ದಾಟಿದರೆ ನಮ್ಮ ಊರು. ಹತ್ತು ಗಂಟೆಯ ಒಳಗೆ ದಾಟದಿದ್ದರೆ ಇಳಿತದ ಸೆಳವು ಎದುರಾಗುತ್ತದೆ. ನಾನು ತಾಯ್ ಮೀನಿನ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಕೊನೆಯ ದಿನ ಯಾವಾಗಲೂ ಅದೇ ಊಟ. ನಾಮಿಯೆ ಬಂದು ಪಕ್ಕದಲ್ಲಿ ಕೂತಳು.

"ಚಿಕ್ಕಮ್ಮ, ದೊಡ್ಡ ಊರಿನ ಫೆರಿಯವರು ನನ್ನನ್ನು ಕರೀತಾ ಇದ್ದಾರೆ. ಚುಕ್ಕಾಣಿಗೇ. ಇವತ್ತು ಸಂಜೆ ಹೇಳ್ಬೇಕು."

"ನೀನು ಹೋದ್ರೆ ಇಂಜಿನ್?"

"ಅದನ್ನೇ ನಾನೂ ಕೇಳುದು. ಬೇರೆ ಯಾರಿಗೂ ಈ ಇಂಜಿನ್ ಬರುದಿಲ್ಲ. ದೋಣಿ ಬಡಗಿ ಹ್ಯೋಜಿಯವರ ಮಗನ ಅಂಗಳಕ್ಕೆ ಹೋಗ್ತದೆ, ಒಡೀಲಿಕ್ಕೆ. ಅಪ್ಪನಿಗೆ ಅದೂ ಗೊತ್ತುಂಟು. ಆದ್ರೂ ಇನ್ನೊಂದು ವರ್ಷ ಅಂತಾರೆ." ಅಕ್ಕಿಯ ನೀರನ್ನು ನೋಡುತ್ತ ಕೇಳಿದಳು, "ಅಪ್ಪನ ಕಿವಿ ಸರಿ ಉಂಟಾ?"

"ಉಪ್ಪು ಕಡಿಮೆ ತಿನ್ನಿ ಅಂತ ನಾನು ಬೈದದ್ದು ಮಾತ್ರ ಕೇಳುದಿಲ್ಲ," ಅಂದೆ.

ನಕ್ಕು ಎದ್ದು ಹೋದಳು. ನನಗೆ ನಗು ಬರಲಿಲ್ಲ. ಸುಳ್ಳು ಹೇಳಿದವಳು ನಾನು. ಮೂರು ವರ್ಷದಿಂದ ಅವರು ಆ ಚಕ್ರ ಬಿಡದೆ ಇದ್ದದ್ದು ನನ್ನ ಸೌಟಿನ ಬಲದಿಂದ. ಆ ಹುಡುಗಿಯ ದಾರಿಗೆ ಅಡ್ಡ ನಿಂತವರು ಅವರೊಬ್ಬರೇ ಅಲ್ಲ. ದೋಣಿಯ ಹಲಗೆಗಳು ಸೌದೆಯಾದರೆ ಅದರಲ್ಲಿ ನನ್ನ ಕೈಯೂ ಇತ್ತು. ಮಂಚಗಳಲ್ಲಿ ಆರು ಜನ ಮಲಗಿದ್ದರು, ಅದು ಬೇರೆ. ಅಕ್ಕಿ ಬಸಿದು, ಬೆಂಕಿ ಆರಿಸಿದೆ.

ನಕಾನೊಸೆಯ ಬಾಯಿಯಲ್ಲಿ ಇಂಜಿನ್ ನಿಂತಿತು. ಅವರು ಎರಡು ಚಪ್ಪಾಳೆ ತಟ್ಟಿದರು. ಹಿಂದೆ ಅತಿಥಿಗಳೂ ತಟ್ಟಿದರು. ಅವರಲ್ಲಿ ಕಿರಿಟಾನಿ ಎಂಬ ದಪ್ಪ ಹೆಂಗಸು ಎಲ್ಲರಿಗಿಂತ ಜೋರು, ಕಣ್ಣು ಮುಚ್ಚಿ ತಟ್ಟಿದಳು. ದೂರದಲ್ಲಿ, ಬಲಗಡೆ, ಫೆರಿಯ ಕೊಂಬು ಕೂಗಿತು. ನಾನು ತೊಲೆಗೆ ಎರಡು ಪೆಟ್ಟು ಹಾಕಬೇಕಾದ ಹೊತ್ತು.

ಹಾಕಲಿಲ್ಲ. ಸೌಟು ಹಿಡಿದುಕೊಂಡು ಏಣಿ ಹತ್ತಿ ಚುಕ್ಕಾಣಿ ಕೋಣೆಗೆ ಹೋದೆ. ಅವರು ಅಂಗಾಲನ್ನು ಹಲಗೆಗೆ ಒತ್ತಿ ಕಾಯುತ್ತಿದ್ದರು. ನನ್ನನ್ನು ನೋಡಿ ಬೆಚ್ಚಿದರು. ಚಕ್ರದ ಪಕ್ಕದ ಕಟ್ಟೆಯ ಮೇಲೆ ಸೌಟು ಇಟ್ಟೆ. ತುಟಿ ಕಾಣುವ ಹಾಗೆ ಎದುರು ನಿಂತು ಹೇಳಿದೆ.

"ಕೈ ನೋಯ್ತಾ ಉಂಟು ತಂಡೇಲ್ರೇ."

ಅವರು ಸೌಟನ್ನು ನೋಡಿದರು. ಹಿಡಿಯ ತುದಿ ಬಡಿದು ಬಡಿದು ಅಣಬೆಯ ಹಾಗೆ ಚಪ್ಪಟೆಯಾಗಿತ್ತು.

"ಎಷ್ಟು ದಿನದಿಂದ?"

"ಮೂರು ವರ್ಷದಿಂದ."

ದೋಣಿ ನಿಂತಲ್ಲೇ ಸಣ್ಣಗೆ ತೂಗುತ್ತಿತ್ತು. ಅವರು ತಮ್ಮ ಬಲಗಿವಿಯನ್ನು ಹಿಡಿದು, ತುಂಟ ಹುಡುಗನದ್ದನ್ನು ಹಿಂಡುವ ಹಾಗೆ ಹಿಂಡಿಕೊಂಡರು. ಆಮೇಲೆ ಅತಿಥಿಗಳ ಕಡೆ ತಿರುಗಿದರು. ಬೆನ್ನು ನೆಟ್ಟಗೆ ಇತ್ತು. ದನಿ ಎಂದಿನದೇ.

"ನನ್ನ ಕಿವಿ ಕೆಲಸ ಬಿಟ್ಟು ಕೆಲವು ದಿನ ಆಯ್ತು. ಇನ್ನು ಮುಂದೆ ತಟ್ಟುವವಳು ನನ್ನ ಮಗಳು. ಅವಳದ್ದೂ ನನ್ನ ಕಿವಿಯೇ. ಸ್ವಲ್ಪ ಹೊಸತು."

"ಹಾಗಾದ್ರೆ ಇದು ಪೂಜೆ ಅಲ್ವಾ?" ಅಂದಳು ಕಿರಿಟಾನಿ. ಅವಳ ತುಟಿ ನೋಡಿ ಇವರಿಗೆ ಅರ್ಥವಾಯಿತು.

"ಪೂಜೆಯೇ ಅಮ್ಮ. ಇದಕ್ಕೆ ಕೂಡಲೇ ಉತ್ತರ ಬರ್ತದೆ."

ನಾಮಿಯೆ ಕೆಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿದ್ದಳೋ ಗೊತ್ತಿಲ್ಲ. ಕೈ ತುಂಬ ಎಣ್ಣೆ. ಶಿಗೆಹಾರು ರಾಡಾರ್ ಪರದೆಯ ಮೇಲಿದ್ದ ಟವೆಲ್ ತೆಗೆದು ಅವಳಿಗೆ ಎಸೆದರು.

"ಒರಸ್ಕೋ. ಎಣ್ಣೆ ಕೈಯ ಚಪ್ಪಾಳೆ ದೂರ ಹೋಗುದಿಲ್ಲ."

"ಇಂಜಿನ್ ಯಾರು ನೋಡುದು ಅಪ್ಪ?"

"ಅದಕ್ಕೆ ಕಿವಿ ಬೇಡ. ಕೈ ಸಾಕು," ಎಂದು ಅವಳನ್ನು ದಾಟಿಕೊಂಡು ಏಣಿ ಇಳಿದು ಹೋದರು. ಒಂದು ಸಲವೂ ಹಿಂದೆ ನೋಡಲಿಲ್ಲ. ಚಕ್ರದ ಮುಂದೆ ಅವರ ಅಂಗಾಲಿನ ಒದ್ದೆ ಗುರುತು ಎರಡು ಉಳಿದಿತ್ತು. ನಾಮಿಯೆ ಚಪ್ಪಲಿ ಬಿಚ್ಚಿ ಅದರ ಮೇಲೆಯೇ ನಿಂತಳು.

ತಟ್ಟಿದಳು. ಕಾದಳು. ಕಿರಿಟಾನಿ ಈ ಸಲ ಕೈ ಕಟ್ಟಿ ಉಸಿರು ಹಿಡಿದು ನಿಂತಿದ್ದಳು.

"ಎಡಗಡೆ ಬಂಡೆ, ಹತ್ತಿರ ಉಂಟು," ಅಂದಳು ನಾಮಿಯೆ. ಪರದೆಯ ಕಡೆ ಒಮ್ಮೆ ನೋಡಿ ತಲೆಯಾಡಿಸಿದಳು. "ಬಲಗಡೆಯಿಂದ ಫೆರಿ. ಅದು ಮುಂದೆ ಹೋಗ್ಲಿ."

ಫೆರಿ ಮಂಜಿನೊಳಗೆ ಮನೆಯೊಂದು ನಡೆದು ಹೋದ ಹಾಗೆ ಎದುರಿನಿಂದ ಹೋಯಿತು. ಅದರ ಅಲೆ ತಣ್ಣಗಾದ ಮೇಲೆ ಅವಳು ಮುಂದೆ ಹೋಗಲು ಗಂಟೆ ಬಾರಿಸಿದಳು. ಇಂಜಿನ್ ಸುಮ್ಮನಿತ್ತು. ಇನ್ನೊಮ್ಮೆ ಬಾರಿಸಿದಳು. ಆಗ ನಮ್ಮಿಬ್ಬರಿಗೂ ಒಟ್ಟಿಗೆ ಹೊಳೆಯಿತು. ಕೆಳಗಿರುವ ಮನುಷ್ಯನಿಗೆ ಗಂಟೆ ಎಲ್ಲಿ ಕೇಳಬೇಕು?

ನಾನು ಕಟ್ಟೆಯ ಮೇಲಿದ್ದ ಸೌಟು ಎತ್ತಿಕೊಂಡು ಅಡುಗೆ ಮೂಲೆಗೆ ಓಡಿದೆ. ತೊಲೆ ಅಲ್ಲಿಂದ ಇಂಜಿನ್ ಕೋಣೆಯ ಗೋಡೆಗೂ ಹೋಗುತ್ತದೆ. ಒಂದು ಪೆಟ್ಟು ಕೊಟ್ಟೆ. ಇಂಜಿನ್ ಕೆಮ್ಮಿ ಎದ್ದಿತು.

"ಕೈ ನೋವು ಎಲ್ಲಿ ಹೋಯ್ತು ಚಿಕ್ಕಮ್ಮ?" ನಾಮಿಯೆ ಮೇಲಿನಿಂದ ಕೂಗಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ನೀನು ದಾರಿ ನೋಡು. ಆಮೇಲೆ ಬೈಯುವಿಯಂತೆ."

ನಿಧಾನಕ್ಕೆ ಒಂದು, ಜೋರಿಗೆ ಎರಡು, ನಿಲ್ಲಿಸಲು ಮೂರು. ಮೇಲೆ ಅವಳ ಗಂಟೆ, ನಡುವೆ ನನ್ನ ಸೌಟು, ಕೆಳಗೆ ಅವರ ಕೈ. ನಕಾನೊಸೆ ದಾಟುವಾಗ ಇನ್ನೂ ಹತ್ತು ಗಂಟೆ ಆಗಿರಲಿಲ್ಲ. ಜೆಟ್ಟಿಗೆ ದೋಣಿ ತಾಗಿದ್ದು ನನ್ನ ಪಾತ್ರೆಯ ಸಾರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷ ನೋಡಿದ್ದೇನೆ, ಅವಳ ಅಪ್ಪ ಅಷ್ಟು ಮೆತ್ತಗೆ ತಾಗಿಸಿದ್ದು ಕಡಿಮೆ.

ಊಟವಾಯಿತು. ತಾಯ್ ಮೀನಿನ ಅನ್ನ ತಳ ಹಿಡಿದಿತ್ತು, ತಡವಾಯಿತೆಂದು ಬೆಂಕಿ ಜೋರು ಮಾಡಿದ್ದಕ್ಕೆ. ತಳದ್ದೇ ರುಚಿ ಎಂದು ಅತಿಥಿಗಳು ಕೆರೆದು ತಿಂದರು. ಇಳಿಯುವಾಗ ಕಿರಿಟಾನಿ ಶಿಗೆಹಾರು ಅವರ ಮುಂದೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ, "ಬರುವ ವರ್ಷ ಯಾನ ಉಂಟಾ?" ಎಂದು ಕೇಳಿದಳು.

ಅವರು ಮುಖದ ಮೇಲೆಲ್ಲ ಎಣ್ಣೆ ಮಾಡಿಕೊಂಡಿದ್ದರು. ಗದ್ದವೆತ್ತಿ ಮಗಳನ್ನು ತೋರಿಸಿದರು. "ತಂಡೇಲಳನ್ನು ಕೇಳಿ."

ನಾಮಿಯೆ ಹಗ್ಗ ಸುತ್ತುತ್ತಿದ್ದವಳು ಹಾಗೇ ನಿಂತಳು. "ಉಂಟು," ಅಂದಳು. ಸಂಜೆ ಫೆರಿಯವರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಆಮೇಲೆ ನನ್ನನ್ನು ಬೈದಳು. ಮೂರು ವರ್ಷದ್ದು ಒಟ್ಟಿಗೆ ಬೈದಳು. ತಲೆ ತಗ್ಗಿಸಿ ಕೇಳಿದೆ.

ಆ ಬೇಸಗೆ ಪೂರ್ತಿ ಅವರು ಇಂಜಿನ್ ನೋಡಿಕೊಂಡರು. ಚಳಿಗಾಲಕ್ಕೆ ದೋಣಿ ಹ್ಯೋಜಿಯ ಮಗನ ಅಂಗಳಕ್ಕೆ ಹೋಯಿತು, ಒಡೆಯಲಿಕ್ಕಲ್ಲ, ತಳದ ಹಲಗೆ ಬದಲಿಸಲಿಕ್ಕೆ. ತಂಡೇಲ ಬದಲಾದರೆ ಕೂವೆಕಂಬದ ಬುಡದ ಗೂಡನ್ನೂ ತೆರೆದು ಹೊಸದಾಗಿ ಇಡಬೇಕು. ಆ ವಾರವೇ ಶಿಗೆಹಾರು ನಮ್ಮ ಮನೆಗೆ ಬಂದರು. ಅದಾಗಿ ಐದು ದಿನಕ್ಕೆ, ಬೆಳಿಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಹೋದರು. ಎರಡು ವರ್ಷವಾಯಿತು. ಹಾಗಾಗಿ ಅವತ್ತು ಅವರು ಆಡಿದ್ದೆಲ್ಲ ನನಗೆ ಅಕ್ಷರ ಬಿಡದೆ ನೆನಪಿದೆ.

ಹುಲ್ಲಿನ ಹಗ್ಗದಲ್ಲಿ ಒಂದು ತಾಯ್ ಮೀನು. ಹೊಸ್ತಿಲಾಚೆಯೇ ನಿಂತರು. ಅಂಗಿಯೊಳಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟು ಬಿಚ್ಚಿದರು. ಕಾಗದ ಹಳದಿಯಾಗಿತ್ತು. ಒಳಗೆ ಬೆರಳು ದಪ್ಪದ ಕೂದಲು, ಮಸಿಯಷ್ಟು ಕಪ್ಪು.

"ಮುಟ್ಟಿ ನೋಡು," ಅಂದರು. "ಒದ್ದೆಯಾಗಿಲ್ಲ."

ಐವತ್ತನಾಲ್ಕು ವರ್ಷ. ನಾನು ಮುಟ್ಟಿದೆ. ಒಣಗಿದ ಹುಲ್ಲಿನ ಹಾಗೆ ಗರಗರ ಇತ್ತು.

"ಈಗ ಇನ್ನೊಂದು ಸಲ ಬೇಕು."

"ಬೆಳ್ಳಗಾಗಿದೆ ತಂಡೇಲ್ರೇ. ದೇವಿ ಒಪ್ತಾಳಾ?"

"ಅವಳಿಗೂ ಅಷ್ಟೇ ವಯಸ್ಸಾಯ್ತಲ್ಲ."

"ಅಪ್ಪ ಅಮ್ಮ ಬದುಕಿರುವ ಹುಡುಗಿಯದ್ದೇ ಆಗ್ಬೇಕು ಅಂತ ಇತ್ತು."

"ಹೇಳಿದ ಬಡಗಿ ಸತ್ತು ಎಷ್ಟು ವರ್ಷ ಆಯ್ತು. ಕೇಳುವವರು ಯಾರು? ಕತ್ತರಿ ತಾ."

ನಾನೇ ಕತ್ತರಿಸಿ ಕೊಟ್ಟೆ. ಬೆರಳು ದಪ್ಪ ಬರಲಿಲ್ಲ, ಚಹಾ ಸೋಸುವ ಬಟ್ಟೆಯ ದಾರದಷ್ಟು ಬಂತು. ಹೊಸ ಕಾಗದದಲ್ಲಿ ಸುತ್ತಿ ಎದೆಯ ಹತ್ತಿರ ಇಟ್ಟುಕೊಂಡರು. ಹಳೆಯದನ್ನು ನನಗೇ ಬಿಟ್ಟರು. ಅಂಗಳ ದಾಟಿ ಹೋದವರು ಏನೋ ಮರೆತ ಹಾಗೆ ತಿರುಗಿ ಬಂದು, ನನ್ನ ತುಟಿ ಕಾಣುವಷ್ಟು ಹತ್ತಿರ ನಿಂತರು.

"ಮುಚ್ಚಳ ಬಡಿದ ಮೇಲೆ, ಗಾಳಿ ಇಲ್ಲದ ಒಂದು ಬೆಳಿಗ್ಗೆ ನೋಡಿ, ಒಲೆ ಹೊತ್ತಿಸುವ ಮೊದಲು ಕಂಬದ ಬುಡಕ್ಕೆ ಕಿವಿ ಇಡು ತೊಮಿ. ಹಾಡ್ತಾ ಉಂಟಾ ಅಂತ ಬಂದು ನನಗೆ ಹೇಳ್ತೀಯಾ?"